ಪ್ರತಿಕ್ರಿಯೆ: ಹಳೆಯ ಬರಹವನ್ನು ಮೀಡಿಯಂನಲ್ಲಿ ಮತ್ತೆ ಹಾಕಬಹುದಾ?

ನಿಮ್ಮ ಬ್ಲಾಗಿನ ಹಳೆಯ ಬರಹಗಳನ್ನೂ ಪತ್ರಿಕೆಯಲ್ಲಿ ಬಂದ ಲೇಖನವನ್ನೂ ಮೀಡಿಯಂ (ಯಾರು ಬೇಕಾದರೂ ಬರಹ ಪ್ರಕಟಿಸಬಹುದಾದ ಜಾಲತಾಣ) ನಲ್ಲಿ ಹಾಕಿದರೆ ಗೂಗಲ್‌ನಿಂದ ತೊಂದರೆಯಾಗುತ್ತದಾ ಅಂತ ಕೇಳಿದ್ದೀರಿ.

ಬ್ಲಾಗಿನವನ್ನು ಧೈರ್ಯವಾಗಿ ಹಾಕಿ. ನಿಮ್ಮದೇ ಬರಹ ಎರಡು ಕಡೆ ಇದೆ ಅಂತ ಗೂಗಲ್ ದಂಡ ಹಾಕುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಂಡು ಅದನ್ನೇ ಹುಡುಕಾಟದಲ್ಲಿ ತೋರಿಸುತ್ತದೆ, ಅಷ್ಟೇ. ಆದರೆ ಅದು ನಿಮ್ಮ ಬ್ಲಾಗನ್ನೇ ಆರಿಸಬೇಕು ಅಲ್ವಾ? ಅದಕ್ಕೇ ಕೆನಾನಿಕಲ್ ಲಿಂಕ್ ಇರುವುದು. ಮೂಲ ಬರಹ ಎಲ್ಲಿದೆ ಅಂತ ಪುಟದ ಕೋಡ್‌ನಲ್ಲಿ ತಿಳಿಸುವ ಒಂದು ಸಾಲು ಅದು. 2009ರಿಂದ ಬಳಕೆಯಲ್ಲಿದೆ. ಗೂಗಲ್ ಅದನ್ನು ಸೂಚನೆಯಾಗಿ ನೋಡುತ್ತದೆ, ಪಾಲಿಸಲೇಬೇಕೆಂದಿಲ್ಲ. ಆದರೂ ಇದ್ದರೆ ಒಳ್ಳೆಯದೇ.

ಮೀಡಿಯಂನಲ್ಲಿ ಸುಮ್ನೆ ಕಾಪಿ ಪೇಸ್ಟ್ ಮಾಡಬೇಡಿ. ಅಲ್ಲಿನ ಇಂಪೋರ್ಟ್ ಸೌಲಭ್ಯಕ್ಕೆ ಹಳೆಯ ಬರಹದ ವಿಳಾಸ ಕೊಡಿ, ಈ ಲಿಂಕ್ ತಾನಾಗಿಯೇ ಸೇರಿಕೊಳ್ಳುತ್ತದೆ. ಪ್ರಕಟಿಸುವ ಮುಂಚೆ ಚಿತ್ರಗಳು, ಪ್ಯಾರಾಗಳು ಸರಿಯಾಗಿ ಬಂದಿವೆಯಾ ಅಂತ ನೋಡಿಕೊಳ್ಳಿ.

ಪತ್ರಿಕೆಯ ಲೇಖನದ ಮಾತು ಬೇರೆ. ಬರೆದವರು ನೀವೇ ಆದರೂ ಹಕ್ಕನ್ನು ಪೂರ್ತಿ ಅವರಿಗೆ ಬರೆದುಕೊಟ್ಟಿದ್ದರೆ ಅನುಮತಿ ಬೇಕು. ಮೊದಲು ಒಪ್ಪಂದ ತೆಗೆದು ಓದಿ. ಸಂಪಾದಕರಿಗೆ ಒಂದು ಮೇಲ್ ಹಾಕಿ ಕೇಳುವುದು ಎಲ್ಲಕ್ಕಿಂತ ಸುಲಭ. ಅವರು ಒಪ್ಪಿದರೆ, ಮೊದಲು ಎಲ್ಲಿ, ಯಾವಾಗ ಪ್ರಕಟವಾಯಿತು ಅಂತ ಮೇಲೆಯೇ ಬರೆಯಿರಿ. ಪತ್ರಿಕೆಯವರು ತೆಗೆದ ಫೋಟೋಗಳನ್ನು ಮಾತ್ರ ಕೇಳದೆ ಬಳಸಬೇಡಿ.