ಭಾನುವಾರದ ಸಂತೋಷ ಸೋಮವಾರಕ್ಕೆ ಯಾಕೆ ಉಳಿಯಲ್ಲ
ಕೆಲಸ ಹೋದ್ಮೇಲೆ ಭಾನುವಾರ ಚರ್ಚ್ ಆರಾಧನೆಲಿ ಸಿಗೋ ಸಂತೋಷ ಮಾರನೇ ದಿನಕ್ಕೇ ಇರಲ್ಲ ಅಂದ್ರಲ್ಲ, ದುಃಖನ ದೇವರ ಮುಂದೆ ಮುಚ್ಚಿಟ್ಕೊಂಡು ಬರೀ ಸ್ತೋತ್ರ ಹೇಳ್ತಿರೋದೇ ಕಾರಣ ಇರ್ಬೇಕು, ನಂಗೂ ಹಾಗೇ ಆಗಿತ್ತು. ಮೊದಲು ಬೈಬಲ್‌ನ 13ನೇ ಕೀರ್ತನೆ ಗಟ್ಟಿಯಾಗಿ ಓದಿ, ಇರೋದೇ 6 ವಚನ, ಶುರುವಾಗೋದು ಇನ್ನೂ ಎಷ್ಟು ದಿನ ನನ್ನ ಮರೆತಿರ್ತೀಯ ಅನ್ನೋ ದೂರಿಂದ, ಮುಗಿಯೋದು ಹಾಡಲ್ಲಿ, ಮಧ್ಯೆ ಕಷ್ಟ ತೀರ್ತು ಅಂತ ಎಲ್ಲೂ ಇಲ್ಲ ನೋಡಿ. ಆಮೇಲೆ ನಿಮ್ಮ ದೂರೂ ನಿಮ್ಮ ಮಾತಲ್ಲೇ ಹೇಳ್ಕೊಳ್ಳಿ, ಅಳು ಬಂದ್ರೆ ಅತ್ತುಬಿಡಿ.

ನಾಳೆಯಿಂದ ಬೈಬಲಲ್ಲೇ ಇರೋ ಫಿಲಿಪ್ಪಿಯವರಿಗೆ ಬರೆದ ಪತ್ರ ಓದಿ, ದಿನಕ್ಕೊಂದು ಅಧ್ಯಾಯ, 4 ದಿನ. ಯೇಸುವಿನ ಸಂದೇಶ ಸಾರಿದ ಪೌಲ ಸೆರೆಲಿದ್ದಾಗ ಬರೆದಿದ್ದು ಅದು, ಅವನು ಸಂತೋಷಪಡಿ ಅನ್ನೋದು ಕರ್ತನಲ್ಲಿ, ಅಂದ್ರೆ ಯೇಸುವಲ್ಲಿ, ಪರಿಸ್ಥಿತಿ ನೋಡಿ ಅಲ್ಲ, ನನಗೆ ಹಿಡಿತ ಸಿಕ್ಕಿದ್ದು ಅಲ್ಲೇ. ಮಲಗೋ ಮುಂಚೆ ನೋಟ್‌ಬುಕ್ಕಲ್ಲಿ ಒಂದು ಕೃತಜ್ಞತೆ ಬರೀರಿ, ನಾನು ಎಷ್ಟೋ ರಾತ್ರಿ "ಇವತ್ತು ಎದ್ದು ಕೂತೆ" ಅಂತಷ್ಟೇ ಬರ್ದಿದೀನಿ. ಸಭೆಲಿ ನಂಬಿಕಸ್ತರು ಒಬ್ಬರಿಗಾದ್ರೂ ನಿಜ ಹೇಳಿ, ಒಬ್ರೇ ಹೊರಬೇಡಿ.

ಎಷ್ಟು ದಿನದಲ್ಲಿ ಬದಲಾಗುತ್ತೆ ಅಂತ ಹೇಳೋಕಾಗಲ್ಲ, ಒಬ್ಬೊಬ್ಬರಿಗೆ ಒಂದೊಂದು ಥರ. ನಿದ್ದೆ ಊಟ ಪೂರ್ತಿ ಕೆಟ್ಟಿದ್ರೆ ಮಾತ್ರ ಡಾಕ್ಟರ್ ಹತ್ರನೂ ಹೋಗಿ, ಅದು ನಂಬಿಕೆ ಕಮ್ಮಿ ಅಂತ ಖಂಡಿತ ಅಲ್ಲ. ಇವತ್ತು ರಾತ್ರಿಗೆ ಆ ಕೀರ್ತನೆ ಒಂದು ಸಾಕು.