ಪ್ರತಿಕ್ರಿಯೆ: ಬ್ಯಾಂಡ್ ಸಂಯೋಜನೆಯಲ್ಲಿ ಕೊನೆಯ ಮಾತು ಯಾರದು?

ಎನ್‌ಎಸ್‌ಎ ಜಾಲದಲ್ಲಿ (5ಜಿ ತಾನೊಂದೇ ನಿಲ್ಲದೆ 4ಜಿಯ ಆಸರೆಯಲ್ಲಿ ನಡೆಯುವ ಜಾಲ) 4ಜಿ ನೋಡ್, ಅಂದರೆ ಅದರ ಮೂಲಕೇಂದ್ರ, ಇನ್ನೊಂದು ಎಲ್‌ಟಿಇ (4ಜಿ) ಕ್ಯಾರಿಯರ್, ಅಂದರೆ ತರಂಗ ವಾಹಿನಿ, ಸೇರಿಸಿದಾಗಲೆಲ್ಲ ಫೋನಿನ 5ಜಿ ಕಳಚುತ್ತಿದೆ, ಬ್ಯಾಂಡ್ ಸಂಯೋಜನೆಯನ್ನು (ಫೋನ್ ಒಟ್ಟಿಗೆ ಬಳಸುವ 4ಜಿ, 5ಜಿ ತರಂಗಪಟ್ಟಿಗಳ ಜೋಡಣೆ) ತೀರ್ಮಾನಿಸುವವರು ಯಾರು ಎಂದು ಕೇಳಿದ್ದೀರಿ.

ಕೊನೆಯ ಮಾತು ಸಂಪರ್ಕವನ್ನು ನಿಯಂತ್ರಿಸುವ ಮಾಸ್ಟರ್ ನೋಡ್‌ನದು, ಅಂದರೆ 4ಜಿಯದು. ಆದರೆ 5ಜಿ ಕಡೆಯ ಸಂರಚನೆಯನ್ನು ಅದು ಬರೆಯುವುದಿಲ್ಲ, ತಿದ್ದುವುದೂ ಇಲ್ಲ. ಉಗ್ರಾಣದ ಬೀಗದ ಕೈ ಅತ್ತೆಯ ಬಳಿ, ಅಡುಗೆ ಸೊಸೆಯದು ಎಂಬಂತೆ. ನೋಡ್‌ಗಳ ನಡುವಿನ ಕೊಂಡಿಯಾದ ಎಕ್ಸ್2 ಮೂಲಕ ಹೋಗುವ ಸಿಜಿ-ಕಾನ್ಫಿಗ್‌ಇನ್ಫೊ ಎಂಬ ಮಾಸ್ಟರ್‌ನ ಸಂದೇಶದಲ್ಲಿ ಅನುಮತಿಸಿದ ಸಂಯೋಜನೆಗಳ ಪಟ್ಟಿ, ಎನ್‌ಆರ್ (5ಜಿ ರೇಡಿಯೊ) ಬಳಸಬಹುದಾದ ಗರಿಷ್ಠ ಪ್ರಸಾರ ಶಕ್ತಿ ಇತ್ಯಾದಿ ಇರುತ್ತವೆ. ಸೆಕೆಂಡರಿ ನೋಡ್, ಅಂದರೆ 5ಜಿಯದು, ಆ ಪಟ್ಟಿಯೊಳಗೆ ಒಂದನ್ನು ಆರಿಸಿ ಸಿಜಿ-ಕಾನ್ಫಿಗ್ ಎಂಬ ಮರುಸಂದೇಶದಲ್ಲಿ ತಿಳಿಸುತ್ತದೆ. ಬೇರೆಯದು ಬೇಕೆಂದು ಕೇಳಲೂಬಹುದು. ಕೊಡುವುದು ಬಿಡುವುದು ಮಾಸ್ಟರ್‌ಗೆ ಸೇರಿದ್ದು.

ಆದ್ದರಿಂದ ಮೊದಲು ಎಕ್ಸ್2 ದಾಖಲೆಯನ್ನು ನೋಡಿ. ಕ್ಯಾರಿಯರ್ ಸೇರಿಸುವ ಮುನ್ನ ಮಾಸ್ಟರ್ ಹೊಸ ಪಟ್ಟಿಯೊಂದಿಗೆ ಎಸ್‌ಜಿಎನ್‌ಬಿ (5ಜಿಯ ಸೆಕೆಂಡರಿ ನೋಡ್) ಮಾರ್ಪಾಡು ಕೋರಿಕೆ ಕಳುಹಿಸಿದೆಯೇ? ಕಳುಹಿಸದಿದ್ದರೆ ಎರಡೂ ನೋಡ್‌ಗಳು ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಇದ್ದು, ಒಟ್ಟು ಸಂಯೋಜನೆ ಮಾತ್ರ ಫೋನಿನ ಸಾಮರ್ಥ್ಯಪಟ್ಟಿಯಲ್ಲಿ ಇಲ್ಲದೆ ಹೋಗಬಹುದು. ಎಸ್‌ಆರ್‌ಬಿ1ರಲ್ಲಿ (ಮಾಸ್ಟರ್ ಫೋನಿಗೆ ನಿಯಂತ್ರಣ ಸಂದೇಶ ಕಳುಹಿಸುವ ಹಾದಿ) ಬಂದ ಅಂಥ ಆದೇಶವನ್ನು ಪಾಲಿಸಲಾಗದ ಫೋನ್ ಇಡೀ ಸಂಪರ್ಕದ ಮರುಸ್ಥಾಪನೆಗೆ ಇಳಿಯುತ್ತದೆ. ಮರುಸ್ಥಾಪನೆ ಕಾಣದೆ ಬರೀ ಎಸ್‌ಸಿಜಿ (5ಜಿ ಕಡೆಯ ಸಂಪರ್ಕ) ವೈಫಲ್ಯದ ವರದಿ ಬಂದಿದ್ದರೆ ಈ ದಾರಿ ಬಿಟ್ಟು ಎನ್‌ಆರ್ ರೇಡಿಯೊ ಸಂಕೇತವನ್ನೂ ಫೋನ್ ಕೋಶಕ್ಕೆ ಮೊದಲು ಸಂಪರ್ಕಿಸುವ ರ‍್ಯಾಂಡಮ್ ಆಕ್ಸೆಸ್ ಹಂತವನ್ನೂ ಪರಿಶೀಲಿಸಿ.

ನೋಡ್‌ಗಳು ಬೇರೆ ಬೇರೆ ತಯಾರಕರದ್ದೇ? ಹಾಗಿದ್ದರೆ ನನ್ನ ಮೊದಲ ಅನುಮಾನ ಆ ಮಾರ್ಪಾಡು ಕೋರಿಕೆಯ ಮೇಲೆಯೇ.