ಆನೆ ಕೊಡುವ ನಡೆ ಎಂಜಿನ್ನಿಗೆ ಯಾಕೆ ಕಾಣಲಿಲ್ಲ?

ನಮಸ್ಕಾರ್ರೀ. ಬಾಗಲಕೋಟೆಯ ಚೆಸ್ ಟೂರ್ನಿಯಲ್ಲಿ ಬೇಕಂತಲೇ ಎದುರಾಳಿಗೆ ಆನೆ ಕೊಟ್ಟು, ಹನ್ನೆರಡು ನಡೆ ಆದಮೇಲೆ ಗೆದ್ದಿರಿ. ಆದರೆ ಮೊಬೈಲಿನ ಸ್ಟಾಕ್‌ಫಿಶ್ ಎಂಬ ಎಂಜಿನ್ (ಚೆಸ್ ನಡೆ ಲೆಕ್ಕ ಹಾಕುವ ಪ್ರೋಗ್ರಾಮು) ಎರಡೇ ಸೆಕೆಂಡಿನಲ್ಲಿ ಅದನ್ನು ತಪ್ಪು ನಡೆ ಅಂದಿತು, ಯಾಕೆ ಅಂತ ಕೇಳಿದ್ದೀರಿ.

ಎಂಜಿನ್ ಎಲ್ಲ ನಡೆಗಳನ್ನೂ ಒಂದೇ ಆಳಕ್ಕೆ, ಅಂದರೆ ಒಂದೇ ಸಮ ಮುಂದಿನವರೆಗೆ, ನೋಡುವುದಿಲ್ಲ. ಚೆನ್ನಾಗಿ ಕಾಣುವುದನ್ನು ಮುಂದೆ ಇಟ್ಟುಕೊಳ್ಳುತ್ತದೆ, ಉಳಿದದ್ದನ್ನು ಮೇಲ್ಮೇಲೆ ನೋಡಿ ಬಿಡುತ್ತದೆ. ಸುಮ್ನೆ ಆನೆ ಕೊಡುವ ನಡೆ ಹಿಂದೆ ಬೀಳುತ್ತದೆ, ಅಲ್ವಾ? ಪರದೆಯಲ್ಲಿ ಆಳ 24 ಅಂತ ಇದ್ದರೂ ನಿಮ್ಮ ನಡೆಗೆ ಅಷ್ಟು ಆಳ ಸಿಕ್ಕಿರುವುದಿಲ್ಲ. ಕೊಟ್ಟಮೇಲೆ ಚೆಕ್ ಇಲ್ಲದ ಶಾಂತ ನಡೆ ಬಂದರಂತೂ ಇನ್ನೂ ಕಷ್ಟ.

1998ರಲ್ಲಿ ಸ್ಪೇನಿನ ಲಿನಾರೆಸ್ ಟೂರ್ನಿಯಲ್ಲಿ ಗ್ರ್ಯಾಂಡ್‌ಮಾಸ್ಟರ್ ಟೊಪಲೋವ್ ವಿರುದ್ಧ ಗ್ರ್ಯಾಂಡ್‌ಮಾಸ್ಟರ್ ಶಿರೋವ್ ತನ್ನ ಒಂಟೆಯನ್ನು ಎಚ್‌3 ಮನೆಗೆ ಇಟ್ಟು ಪುಕ್ಕಟೆ ಕೊಟ್ಟರು, ರಾಜನಿಗೆ ಒಂದು ನಡೆ ಉಳಿಸಲಿಕ್ಕೆ. ಎಂಥ ಚಂದದ ನಡೆ! ಆ ಕಾಲದ ಎಂಜಿನ್ನುಗಳಿಗೆ ಅದು ಹೊಳೆಯಲಿಲ್ಲ.

ವಿಜಯಪುರದಲ್ಲಿ ನಮ್ಮ ಹುಡುಗರಿಗೆ ನಾನು ಹೇಳುವುದು ಇಷ್ಟೇ: ಆನೆ ಕೊಟ್ಟ ನಡೆಯನ್ನು ನೀವೇ ಆಡಿ, ಇನ್ನೂ ಮೂರ್ನಾಲ್ಕು ನಡೆ ಮುಂದೆ ಹೋಗಿ. ಅಲ್ಲಿ ಎಂಜಿನ್ನಿಗೆ ಐದು ನಿಮಿಷ ಯೋಚಿಸಲು ಬಿಡಿ. ಆಮೇಲೆ ಒಂದೊಂದೇ ನಡೆ ಹಿಂದೆ ಬನ್ನಿ. ಕಂಡದ್ದು ಅದರ ಹ್ಯಾಶ್ ಮೆಮೊರಿಯಲ್ಲಿ (ಲೆಕ್ಕ ಹಾಕಿದ್ದನ್ನು ನೆನಪಿಟ್ಟುಕೊಳ್ಳುವ ಜಾಗದಲ್ಲಿ) ಉಳಿದಿರುತ್ತದೆ, ನಿಮ್ಮ ನಡೆಗೆ ಅದು ಕೊಡುವ ಅಂಕ ಬದಲಾಗಬಹುದು. ಬದಲಾಗದಿದ್ದರೆ ಎದುರಾಳಿಗೆ ಯಾವ ಉತ್ತರ ತೋರಿಸುತ್ತದೆ ಅಂತ ಇಲ್ಲಿ ಹಾಕಿ, ಕೂಡಿ ನೋಡೋಣ.